ಯಕೃತ್ತಿನ ಕಸಿ: ಸೋಂಕಿತರ ನಡುವಣ ದಾನ ಎಷ್ಟು ಸುರಕ್ಷಿತ?

ಇಪ್ಪತ್ತು ವರ್ಷಗಳ ಹಿಂದೆ ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಸವದತ್ತಿ, ರಾಮದುರ್ಗ ಹಾಗೂ ಈಗ ಪ್ರತ್ಯೇಕ ತಾಲ್ಲೂಕಾಗಿರುವ ಕಿತ್ತೂರು ಭಾಗದ ಹಳ್ಳಿಗಳಲ್ಲಿ ವಿಧವಾ ವೇತನದ ಅರ್ಜಿಗಳನ್ನು ಪರಿಶೀಲಿಸುವುದೆಂದರೆ ಮನಸ್ಸು ಭಾರವಾಗುವ ಕೆಲಸ. ಅರ್ಜಿದಾರರಲ್ಲಿ ಹಲವರ ವಯಸ್ಸು 25 ಕೂಡ ದಾಟಿರುತ್ತಿರಲಿಲ್ಲ. ಗಂಡನ ಸಾವಿಗೆ ಕಾರಣವೇನೆಂದು ಕೇಳಿದರೆ ‘ಜ್ವರ ಬಂದಿತ್ರೀ’ ಎಂಬ ಒಂದೇ ಉತ್ತರ. ಅದು ಯಾವ ಜ್ವರವೆಂದು ಕೇಳುವ ಅಧಿಕಾರಿಗೂ ಗೊತ್ತಿತ್ತು, ಹೇಳುವ ಹೆಣ್ಣುಮಗಳಿಗೂ ಗೊತ್ತಿತ್ತು. ಗರ್ಭಿಣಿಯರಲ್ಲೇ ಎಚ್‌ಐವಿ ಪ್ರಮಾಣ ಶೇ 1ನ್ನು ಮೀರಿದ್ದ ಜಿಲ್ಲೆಗಳ ಸಾಲಿನಲ್ಲಿ ಬೆಳಗಾವಿ, ಬಾಗಲಕೋಟೆಗಳ ಹೆಸರಿದ್ದ ಕಾಲವದು.

ಆ ಚಿತ್ರ ಇಂದು ಬದಲಾಗಿದೆ. 2004ರ ಏಪ್ರಿಲ್ 1ರಂದು ಕೇಂದ್ರ ಸರ್ಕಾರ ಆರಂಭಿಸಿದ ಉಚಿತ ಎಆರ್‌ಟಿ ಚಿಕಿತ್ಸೆಯಿಂದಾಗಿ ಸೋಂಕು ಸಾವಿನ ಆದೇಶವಾಗಿ ಉಳಿದಿಲ್ಲ. 2023ರ ಅಂದಾಜಿನಂತೆ ದೇಶದಲ್ಲಿ ಸುಮಾರು 25 ಲಕ್ಷ, ಕರ್ನಾಟಕದಲ್ಲಿ ಸುಮಾರು 2.8 ಲಕ್ಷ ಮಂದಿ ಸೋಂಕಿತರಿದ್ದಾರೆ. ನಿತ್ಯ ಮಾತ್ರೆ ಸೇವಿಸುವವರು ಐವತ್ತು, ಅರವತ್ತರ ವಯಸ್ಸು ಕಾಣುತ್ತಿದ್ದಾರೆ. ಆದರೆ ದೀರ್ಘಾಯುಷ್ಯದ ಜೊತೆಗೆ ಹೊಸ ಸಂಕಷ್ಟವೂ ಬಂದಿದೆ. ಹೆಪಟೈಟಿಸ್ ಬಿ ಮತ್ತು ಸಿ ವೈರಾಣುಗಳು ಬಹುಮಟ್ಟಿಗೆ ಎಚ್‌ಐವಿ ಬರುವ ಹಾದಿಯಲ್ಲೇ ಬರುತ್ತವೆ. ಇದಕ್ಕೆ ಮದ್ಯವೂ ಸೇರಿದರೆ ಯಕೃತ್ತು ಸೋಲುತ್ತದೆ. ಆ ಹಂತದಲ್ಲಿ ಉಳಿಯುವ ದಾರಿ ಕಸಿಯೊಂದೇ.

ಕಸಿಗೆ ಅಂಗ ಎಲ್ಲಿಂದ ಬರಬೇಕು? ನಮ್ಮಲ್ಲಿ ದಾನಿಗೆ ಎಚ್‌ಐವಿ ಇರುವುದು ಕಂಡುಬಂದರೆ ಆ ಅಂಗವನ್ನು ಕೈಬಿಡುವುದೇ ರೂಢಿ. ಸೋಂಕಿತರ ಅಂಗವನ್ನು ಸೋಂಕಿತರಿಗೇ ನೀಡಬಹುದಲ್ಲವೇ ಎಂಬ ಪ್ರಶ್ನೆಗೆ ಮೊದಲು ಕಾರ್ಯರೂಪದ ಉತ್ತರ ಕೊಟ್ಟದ್ದು ದಕ್ಷಿಣ ಆಫ್ರಿಕಾ. 2008ರಲ್ಲಿ ಕೇಪ್‌ಟೌನ್‌ನ ಗ್ರೂಟ್ ಸ್ಕೂರ್ ಆಸ್ಪತ್ರೆಯಲ್ಲಿ ಡಾ. ಎಲ್ಮಿ ಮುಲ್ಲರ್ ಅವರು ಇಂತಹ ಮೂತ್ರಪಿಂಡ ಕಸಿಗಳನ್ನು ಆರಂಭಿಸಿದರು. ಇಂತಹ ದಾನವನ್ನು 1988ರಿಂದ ನಿಷೇಧಿಸಿದ್ದ ಅಮೆರಿಕವು 2013ರಲ್ಲಿ ‘ಹೋಪ್’ ಕಾಯ್ದೆಯ ಮೂಲಕ ಸಂಶೋಧನೆಯ ಚೌಕಟ್ಟಿನಲ್ಲಿ ಅದಕ್ಕೆ ಅವಕಾಶ ನೀಡಿತು. 2016ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮೃತ ದಾನಿಯ ಯಕೃತ್ತು ಸೋಂಕಿತ ವ್ಯಕ್ತಿಗೆ ಜೋಡಣೆಯಾಯಿತು. 2024ರ ನವೆಂಬರ್‌ನಲ್ಲಿ ಮೂತ್ರಪಿಂಡ ಮತ್ತು ಯಕೃತ್ತುಗಳ ಮಟ್ಟಿಗೆ ಸಂಶೋಧನೆಯ ಷರತ್ತನ್ನೂ ಅಲ್ಲಿ ತೆಗೆದುಹಾಕಲಾಯಿತು.

ಹಾಗಾದರೆ ಇದು ಸುರಕ್ಷಿತವೇ? ಮೂತ್ರಪಿಂಡದ ವಿಷಯದಲ್ಲಿ ಉತ್ತರ ಸ್ಪಷ್ಟ. 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೋಂಕಿತ ದಾನಿಗಳ ಅಂಗ ಪಡೆದ 99 ಹಾಗೂ ಸೋಂಕಿಲ್ಲದ ದಾನಿಗಳ ಅಂಗ ಪಡೆದ 99 ರೋಗಿಗಳನ್ನು ಹೋಲಿಸಲಾಯಿತು. ಒಂದು ವರ್ಷದ ನಂತರ ಬದುಕುಳಿದವರ ಪ್ರಮಾಣ ಕ್ರಮವಾಗಿ ಶೇ 94 ಮತ್ತು ಶೇ 95. ಯಕೃತ್ತಿನ ಕಥೆ ಇಷ್ಟು ಸರಳವಲ್ಲ. 2022ರಲ್ಲಿ ಪ್ರಕಟವಾದ ಪ್ರಾಯೋಗಿಕ ಅಧ್ಯಯನದಲ್ಲಿ ಸೋಂಕಿಲ್ಲದವರ ಯಕೃತ್ತು ಪಡೆದ 21 ಮಂದಿಯೂ ಒಂದು ವರ್ಷ ಪೂರೈಸಿದರೆ, ಸೋಂಕಿತರ ಯಕೃತ್ತು ಪಡೆದ 24 ಮಂದಿಯಲ್ಲಿ ಶೇ 83ರಷ್ಟು ಮಾತ್ರ ಉಳಿದಿದ್ದರು. ಅವಕಾಶವಾದಿ ಸೋಂಕುಗಳು ಹಾಗೂ ಕ್ಯಾನ್ಸರ್ ಈ ಗುಂಪಿನಲ್ಲೇ ಹೆಚ್ಚಾಗಿದ್ದವು. ಸಂಖ್ಯೆ ಚಿಕ್ಕದಾದ್ದರಿಂದ ಅಂತಿಮ ತೀರ್ಪು ಸಲ್ಲದು. ಆದರೂ ‘ಏನೂ ಅಪಾಯವಿಲ್ಲ’ ಎಂದು ರೋಗಿಗೆ ಹೇಳುವುದು ಪ್ರಾಮಾಣಿಕವಾಗದು.

ಅಪಾಯವನ್ನು ಯಾವುದಕ್ಕೆ ಹೋಲಿಸಬೇಕೆಂಬುದು ಇಲ್ಲಿ ಮುಖ್ಯ. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದು ಪರಿಚಿತ ತರ್ಕ. ಅಂಗವು ಬೆಲೆ ಕಟ್ಟಲಾಗದ, ಕಟ್ಟಬಾರದ ವಿರಳ ವಸ್ತು. ಅದರ ಹಂಚಿಕೆ ಸರದಿಯಿಂದಲೇ ಆಗಬೇಕು. ಸರದಿಯಲ್ಲಿ ನಿಂತು ಸಾಯುವುದಕ್ಕಿಂತ ಶೇ 83ರ ಭರವಸೆ ದೊಡ್ಡದು. ಮೇಲಾಗಿ, ಸೋಂಕಿತರೊಬ್ಬರು ಸೋಂಕಿತ ದಾನಿಯ ಅಂಗ ಪಡೆದು ಸರದಿಯಿಂದ ಹೊರಬಂದರೆ ಅವರ ಹಿಂದೆ ನಿಂತವರೆಲ್ಲರೂ ಒಂದು ಹೆಜ್ಜೆ ಮುಂದೆ ಸರಿಯುತ್ತಾರೆ. ಅದರ ಲಾಭ ಸೋಂಕಿಲ್ಲದವರಿಗೂ ತಲುಪುತ್ತದೆ.

ಆದರೆ ಈ ಲೆಕ್ಕವೆಲ್ಲ ಮೃತ ದಾನಿಗಳಿಗೆ ಸಂಬಂಧಿಸಿದ್ದು. ಭಾರತದಲ್ಲಿ ಯಕೃತ್ತಿನ ಕಸಿ ಬಹುಪಾಲು ನಡೆಯುವುದು ಜೀವಂತ ದಾನಿಗಳಿಂದ. 2019ರಿಂದ 2023ರವರೆಗೆ ದೇಶದಲ್ಲಿ ಅಂಗ ನೀಡಿದ ಜೀವಂತ ದಾನಿಗಳಲ್ಲಿ ಮೂರರಲ್ಲಿ ಎರಡು ಪಾಲಿನ ಸಮೀಪ ಮಹಿಳೆಯರೇ ಇದ್ದರು. ಈಗ ಸವದತ್ತಿ ಅಥವಾ ರಾಮದುರ್ಗದ ಒಂದು ಮನೆಯನ್ನು ಊಹಿಸಿಕೊಳ್ಳಿ. ಗಂಡನಿಂದ ಹೆಂಡತಿಗೆ ಸೋಂಕು ಬಂದಿದೆ. ಇಬ್ಬರೂ ಮಾತ್ರೆ ಸೇವಿಸುತ್ತಾ ಬದುಕಿದ್ದಾರೆ. ಈಗ ಗಂಡನ ಯಕೃತ್ತು ಸೋತಿದೆ. ಇಲ್ಲಿಯವರೆಗೆ ಆಕೆಯ ಸೋಂಕೇ ಆಕೆಯನ್ನು ದಾನದಿಂದ ಹೊರಗಿಟ್ಟಿತ್ತು. ಆ ಅಡ್ಡಿ ತೆಗೆದ ಮರುದಿನವೇ ಮನೆಯವರ ಕಣ್ಣು ಆಕೆಯ ಮೇಲೆ ಬೀಳುತ್ತದೆ. ಯಕೃತ್ತಿನ ಬಲಭಾಗ ದಾನ ಮಾಡುವ ಆರೋಗ್ಯವಂತರಲ್ಲೇ ಸಾವಿರಕ್ಕೆ ಸುಮಾರು ಐವರ ಜೀವಕ್ಕೆ ಕುತ್ತು ಬರಬಹುದೆಂಬ ಅಂದಾಜಿದೆ. ಗಂಡನಿಂದ ರೋಗ ಪಡೆದವಳು ಅವನಿಗೇ ಅಂಗವನ್ನೂ ಕೊಡಬೇಕೆಂದರೆ, ಅದನ್ನು ದಾನವೆನ್ನಬೇಕೋ ಸುಲಿಗೆಯೆನ್ನಬೇಕೋ?

ಕಾನೂನು ಈ ವಿಷಯದಲ್ಲಿ ಸಂಪೂರ್ಣ ಮೌನವಾಗಿಲ್ಲ. 1994ರ ಮಾನವ ಅಂಗಾಂಗ ಕಸಿ ಕಾಯ್ದೆಯಡಿ ರೂಪಿಸಿದ 2014ರ ನಿಯಮಾವಳಿಯು, ದಾನಿ ಮಹಿಳೆಯಾಗಿದ್ದರೆ ಹೆಚ್ಚಿನ ಎಚ್ಚರ ವಹಿಸಬೇಕು, ಆಕೆಯ ಸ್ವತಂತ್ರ ಒಪ್ಪಿಗೆಯನ್ನು ಅಂಗ ಪಡೆಯುವವರಲ್ಲದ ಬೇರೊಬ್ಬರು ದೃಢೀಕರಿಸಬೇಕು ಎನ್ನುತ್ತದೆ. ಆ ಬೇರೊಬ್ಬರು ಅತ್ತೆಯೋ ಮೈದುನನೋ ಆದರೆ ನಿಯಮ ಕಾಗದದಲ್ಲೇ ಉಳಿಯುತ್ತದೆ. ಚಿಕಿತ್ಸೆಯಲ್ಲಿ ತಾರತಮ್ಯ ಮಾಡಬಾರದು, ಸೋಂಕಿನ ಗೋಪ್ಯತೆ ಕಾಪಾಡಬೇಕು ಎನ್ನುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2017ರಲ್ಲಿ ಅಂಗೀಕಾರವಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ದಾನಿಯ ಸೋಂಕು ಹತ್ತು ಜನರ ಬಾಯಿಗೆ ಬೀಳದಂತೆ ನೋಡಿಕೊಳ್ಳುವುದೂ ಈ ಕಾಯ್ದೆಯ ಆಶಯವೇ.

ಆದ್ದರಿಂದ ಸರ್ಕಾರ ಕ್ರಮಬದ್ಧವಾಗಿ ನಡೆಯುವುದು ಲೇಸು. ಮೊದಲನೆಯದಾಗಿ, ವೈರಾಣು ಹತೋಟಿಯಲ್ಲಿರುವ ಸೋಂಕಿತರು ಇತರರಂತೆಯೇ ಕಸಿಯ ಸರದಿಯಲ್ಲಿ ನಿಲ್ಲಲು ಅಡ್ಡಿಯಿರಬಾರದು. ಎರಡನೆಯದಾಗಿ, ಮಿದುಳು ನಿಷ್ಕ್ರಿಯಗೊಂಡ ಸೋಂಕಿತ ದಾನಿಗಳ ಅಂಗಗಳನ್ನು ಆಯ್ದ ಕೆಲವು ಆಸ್ಪತ್ರೆಗಳಲ್ಲಿ, ಸಂಶೋಧನೆಯ ನಿಗಾದಲ್ಲಿ ಬಳಸಲು ಅವಕಾಶ ನೀಡಬೇಕು. ಫಲಿತಾಂಶಗಳನ್ನು ಸಾರ್ವಜನಿಕರ ಮುಂದಿಡಬೇಕು. ಮೂರನೆಯದಾಗಿ, ಸೋಂಕಿತ ಪತ್ನಿಯಿಂದ ಯಕೃತ್ತಿನ ಜೀವಂತ ದಾನಕ್ಕೆ ಸದ್ಯಕ್ಕೆ ಬಾಗಿಲು ತೆರೆಯಬಾರದು.

ಬೆಂಗಳೂರಿನ ಕಸಿ ಕೇಂದ್ರಗಳು ಸವದತ್ತಿಯಿಂದ ನಾನೂರಕ್ಕೂ ಹೆಚ್ಚು ಕಿಲೊಮೀಟರ್ ದೂರ. ಅಲ್ಲಿಗೆ ಹೋಗುವ ಪ್ರಮೇಯವೇ ಬಾರದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಅಗ್ಗದ ನೀತಿ. ಹೆಪಟೈಟಿಸ್ ಬಿ ತಡೆಗೆ ಲಸಿಕೆಯಿದೆ, ಸಿ ವಾಸಿಮಾಡಲು ಮಾತ್ರೆಯಿದೆ; 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಪರೀಕ್ಷೆ, ಚಿಕಿತ್ಸೆ ಉಚಿತ. ಎಆರ್‌ಟಿ ಮಾತ್ರೆಗೆಂದು ಬರುವ ಪ್ರತಿಯೊಬ್ಬರಿಗೂ ಈ ಪರೀಕ್ಷೆ ತಪ್ಪದೆ ಆಗಬೇಕು. ‘ಜ್ವರ’ವೆಂದು ಮುಚ್ಚಿಟ್ಟ ಸಾವುಗಳನ್ನು ಕಂಡ ಈ ಸೀಮೆಯಲ್ಲಿ, ಮುಂದಿನ ಸಾವುಗಳಿಗೆ ‘ಕಾಮಾಲೆ’ಯೆಂಬ ಹೊಸ ನೆಪ ಹುಟ್ಟದಿರಲಿ.