ಮಾಡಿನ ಉಸಿರು ಕಟ್ಟುವ ಮುನ್ನ

ಸಂಘದ ಉಗ್ರಾಣದ ಮಾಡಿಗೆ ಒಳಪದರ ಹೊಡೆಸಬೇಕೆಂಬ ಸೂಚನೆ ಮುಂದಿನ ತಿಂಗಳ ವಿಶೇಷ ಸಭೆಯ ಮುಂದೆ ಬರಲಿದೆ. ಕಾರ್ಯದರ್ಶಿಯಾದವರು ಸಭೆಗೆ ಮೊದಲೇ ಒಂದು ಪಕ್ಷ ವಹಿಸುವುದು ತರವಲ್ಲವೆಂದು ಕೆಲವು ಸದಸ್ಯ ಬಾಂಧವರು ಹೇಳಬಹುದು. ಆದರೆ ಹಣ ಸದಸ್ಯರದು, ಚೀಲದೊಳಗಿನ ಮಾಲೂ ಅವರದೇ. ಆದ್ದರಿಂದ ಮುಚ್ಚುಮರೆಯಿಲ್ಲದೆ ಹೇಳುತ್ತೇವೆ: ಗಾಳಿಗೆ ದಾರಿ ಮಾಡದೆ ಹೊಡೆಸುವ ಒಳಪದರ ನಮಗೆ ಬೇಡ.

ಉಗ್ರಾಣ ಸೋರುತ್ತದೆಂಬ ದೂರು ಬರುವುದು ಆಷಾಢದಲ್ಲಲ್ಲ, ಪುಷ್ಯ ಮಾಸದಲ್ಲಿ. ಹಂಚು ಇಳಿಸಿ ತಗಡು ಹೊದಿಸಿದ ಮೇಲೆ ಶುರುವಾದ ದೂರಿದು. ಮಳೆಯೇ ಇಲ್ಲದ ತಿಂಗಳಲ್ಲಿ ಮಾಡು ಸೋರುವುದೆಂದರೇನು ಎಂದು ಯಾರೂ ಕೇಳಲಿಲ್ಲ. ನಾವೂ ಕೇಳದೆ ಮೂರು ವರ್ಷ ಮೊಳೆಯ ತೂತುಗಳಿಗೆ ಡಾಂಬರು ಬಳಿಸಿದೆವು. ಆ ಖರ್ಚು ಲೆಕ್ಕಪತ್ರದಲ್ಲಿದೆ, ನೋಡಬಹುದು.

ನಿಜ ಸಂಗತಿ ಬೇರೆ. ಡಿಸೆಂಬರ್, ಜನವರಿಯ ಮೋಡವಿಲ್ಲದ ರಾತ್ರಿಗಳಲ್ಲಿ ತಗಡು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಅದೇ ಹೊತ್ತಿಗೆ ಒಳಗೆ, ಕಣದಿಂದ ಅವಸರದಲ್ಲಿ ತುಂಬಿ ತಂದ ಚೆರ್ರಿ ಇನ್ನೂ ತೇವ ಬಿಡುತ್ತಿರುತ್ತದೆ. 30 ಡಿಗ್ರಿ ಸೆಲ್ಸಿಯಸ್ ಬಿಸಿಯ ಗಾಳಿ ಘನಮೀಟರಿಗೆ ಸುಮಾರು 30 ಗ್ರಾಂ ನೀರಾವಿಯನ್ನು ಹೊರಬಲ್ಲದು. 15 ಡಿಗ್ರಿಗೆ ಇಳಿದರೆ ಸುಮಾರು 13 ಗ್ರಾಂ ಮಾತ್ರ. ಹೊರಲಾರದೆ ಬಿಟ್ಟದ್ದು ತಗಡಿನ ಹೊಟ್ಟೆಯಲ್ಲಿ ಬೆವರಾಗಿ ಕೂತು, ಬೆಳಗಿನ ಜಾವ ಹನಿಹನಿಯಾಗಿ ಚೀಲದ ಮೇಲೆ ಬೀಳುತ್ತದೆ. ಶೇಕಡಾ 10ರ ತೇವಕ್ಕೆ ಒಣಗಿಸಿ ತಂದ ಪಾರ್ಚ್‌ಮೆಂಟ್ ಮೇಲಿನ ಸಾಲಿನಲ್ಲಿ ಬಣ್ಣಗೆಟ್ಟರೆ, ಚಾಲಿ ಅಡಿಕೆಗೆ ಬೂಷ್ಟು ಹಿಡಿದರೆ, ಬೆಳೆಗಾರ ಯಾರನ್ನು ದೂರಬೇಕು?

ಇನ್ನು ಮನೆಯ ಮಾಡಿನ ಮಾತು. ಇದರಲ್ಲಿ ನಾವು ಮೋಸಹೋದವರೇ. ಅಟ್ಟದ ಸೆಕೆ ತಡೆಯಲಾರದೆ, ಪೇಟೆಯ ಅಂಗಡಿಯವರೊಬ್ಬರ ಮಾತು ಕೇಳಿ, ಪಕಾಸಿಗಳ ನಡುವೆ ಹಂಚಿಗೆ ತಾಗುವಂತೆ ಥರ್ಮೋಕೋಲ್ ತುಂಬಿಸಿ, ಕೆಳಗೆ ಪ್ಲಾಸ್ಟಿಕ್ ಹಾಳೆ ಹೊಡೆಸಿದೆವು. ಆ ಬೇಸಿಗೆ ಸುಖವಾಗಿತ್ತು. ಎರಡನೆಯ ಮಳೆಗಾಲ ಕಳೆದು ಒಂದು ಹಲಗೆ ಬಿಚ್ಚಿದರೆ, ಅಜ್ಜನ ಕಾಲದ ಪಕಾಸಿಯ ಬೆನ್ನಿಗೆ ಬೆರಳು ಇಳಿಯುತ್ತಿತ್ತು. ಮಳೆಗಾಲವಿಡೀ ನೀರು ಕುಡಿದ ಹಂಚು ಒಣಗಬೇಕಾದ್ದು ಅಟ್ಟದ ಗಾಳಿಯಿಂದ; ಆ ದಾರಿಯನ್ನು ನಾವೇ ಮುಚ್ಚಿದ್ದೆವು. ಅಡಿಗೆಮನೆ, ಬಚ್ಚಲಿನ ಹಬೆ ಹಾಳೆಯ ಸಂದುಗಳಲ್ಲಿ ಮೇಲೇರಿ ಅಲ್ಲೇ ನೀರಾಯಿತು. ಮೊದಲಾದರೆ ಒಲೆಯ ಹೊಗೆ ಮರವನ್ನು ಒಣಗಿಸಿ ಹುಳ ಹಿಡಿಯದಂತೆ ಕಾಯುತ್ತಿತ್ತು. ಗ್ಯಾಸ್ ಬಂದ ಮೇಲೆ ಅದೂ ಇಲ್ಲ. (ಮನೆಯವರ ಕಣ್ಣುರಿ ತಪ್ಪಿತಲ್ಲ, ಒಲೆ ಮರಳಲಿ ಎಂದು ನಾವು ಹೇಳುವುದಿಲ್ಲ.)

ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಆ ಹಂಚು ನಮ್ಮ ಮಳೆಯನ್ನು ತಡೆದುಕೊಂಡು ಬಂದಿದೆಯಾದರೆ, ಅದರ ಸಂದುಗಳಲ್ಲಿ ಗಾಳಿಯಾಡುವುದೂ ಒಂದು ಕಾರಣ. ಹಿರಿಯರು ಸೆಕೆಯನ್ನು ಹಂಚಿನ ಬುಡದಲ್ಲಿ ತಡೆಯಲು ಹೋಗಲಿಲ್ಲ. ಮುಚ್ಚಿಗೆಯ ಹಲಗೆಯ ಮೇಲೆ ಮಣ್ಣು ಹಾಸಿ ಅಲ್ಲಿ ತಡೆದರು. ಅದರ ಮೇಲಿನ ಅಟ್ಟವನ್ನು ಗಾಳಿಗೆ ಬಿಟ್ಟರು. ಇಂದೂ ಅದೇ ಸರಿ. ರಾಕ್‌ವೂಲ್ ಆಗಲಿ ಥರ್ಮೋಕೋಲ್ ಆಗಲಿ, ಮುಚ್ಚಿಗೆಯ ಮೇಲೆ ಹಾಸಿ, ಸೂರಿನ ಅಂಚಿಗೆ ಒತ್ತದಿರಿ. ಅಟ್ಟವಿಲ್ಲದೆ ಮಾಡಿಗೇ ಹೊಡೆಯಬೇಕಾದಲ್ಲಿ, ಹಂಚಿಗೂ ಪದರಕ್ಕೂ ನಡುವೆ ಎರಡಂಗುಲವಾದರೂ ಸಂದು ಬಿಟ್ಟು, ಕೆಳಗೆ ಸೂರಿನಲ್ಲೂ ಮೇಲೆ ನೆತ್ತಿಯಲ್ಲೂ ಅದು ತೆರೆದಿರುವಂತೆ ನೋಡಿಕೊಳ್ಳಿ. ಹೊಳೆಯುವ ಫಾಯಿಲ್ ಹಾಳೆಗೂ ಅಷ್ಟೇ: ಎದುರಿಗೆ ಗಾಳಿಯ ಸಂದು ಇದ್ದರಷ್ಟೇ ಅದು ಶಾಖ ತಡೆಯುತ್ತದೆ, ಹಂಚಿಗೆ ಒತ್ತಿ ಹೊಡೆದರೆ ದುಡ್ಡು ದಂಡ.

ಪ್ಲಾಸ್ಟಿಕ್ ಹಾಳೆಯನ್ನು ಒಳಮೈಗೆ ಹೊಡೆಯಬೇಕೆಂಬುದು ಹಿಮ ಬೀಳುವ ದೇಶಗಳ ಕಟ್ಟಳೆ. ಅಲ್ಲಿ ಒಳಗೆ ಬೆಚ್ಚಗೆ, ಹೊರಗೆ ಕೊರೆವ ಚಳಿ. ಹಬೆ ಹೊರಮುಖವಾಗಿಯೇ ಹೋಗುತ್ತದೆ. ನಮ್ಮಲ್ಲಿ ಜುಲೈ ತಿಂಗಳಿನಲ್ಲಿ ಹೊರಗೂ ಒಳಗೂ ಒಂದೇ ತೇವ.

ಉಗ್ರಾಣಕ್ಕೆ ಬಂದರೆ, ತಗಡಿಗೆ ಸಂದಿಲ್ಲದಂತೆ ಅಂಟಿಯೇ ಬರುವ ಪಫ್ ಶೀಟು ಬೆವರನ್ನು ತಡೆಯುವುದು ನಿಜ, ಏಕೆಂದರೆ ಒಳಗಾಳಿಗೆ ತಣ್ಣನೆಯ ತಗಡು ಸಿಗುವುದೇ ಇಲ್ಲ. ಅದಕ್ಕೆ ಮಾಡನ್ನೇ ಬದಲಿಸಬೇಕು. ಸಂಘಕ್ಕೆ ಈಗ ಆ ತಾಕತ್ತಿಲ್ಲ. ಸಭೆಯ ಮುಂದಿರುವ ಸೂಚನೆ ಅದಲ್ಲ, ತಗಡಿನ ಕೆಳಗೆ ಸಡಿಲವಾಗಿ ತೂಗುವ ಹಾಳೆ. ಅದರ ಬೆನ್ನಿಗೆ ತೇವದ ಗಾಳಿ ಹೋಗಿಯೇ ಹೋಗುತ್ತದೆ. ಹನಿ ಕಣ್ಣಿಗೆ ಕಾಣದಂತಾಗುತ್ತದೆ, ಅಷ್ಟೇ. ಇದೇ ಹಣದಲ್ಲಿ ಮಾಡಿನ ನೆತ್ತಿಯನ್ನು ಉದ್ದಕ್ಕೂ ತೆರೆದು ಮೇಲೊಂದು ಕಿರುಮಾಡು ಕೂರಿಸಿ, ಸೂರಿನ ಬಳಿ ಗೋಡೆಗೆ ಬಲೆ ಹಾಕಿದ ಕಿಂಡಿಗಳನ್ನು ಬಿಡಿಸೋಣ. ಇದಿಷ್ಟರಿಂದಲೇ ಎಲ್ಲ ಹನಿಯೂ ನಿಲ್ಲದು. ಒಣಗದ ಮಾಲನ್ನು ದಾಸ್ತಾನಿಗೆ ತರದಿರುವ ಶಿಸ್ತು ಸದಸ್ಯರದು, ಅದನ್ನು ತೂಕದ ಕಟ್ಟೆಯಲ್ಲೇ ನಿಲ್ಲಿಸುವ ನಿಷ್ಠುರ ನಮ್ಮದು.

ಸಭೆಯ ದಿನ ಬೆಳಿಗ್ಗೆ ಆರೂವರೆಗೆ ಉಗ್ರಾಣದ ಬೀಗ ತೆಗೆಸಿ ಏಣಿ ಇಡಿಸಿರುತ್ತೇವೆ. ಒಳಪದರದ ಪರವಾಗಿರುವವರು ತಪ್ಪದೆ ಬಂದು, ಬಿಸಿಲೇರುವ ಮುನ್ನ ಹತ್ತಿ ತಗಡನ್ನು ಕೈಯಿಂದ ಮುಟ್ಟಿ ನೋಡಬೇಕೆಂದು ಕೋರುತ್ತೇವೆ.