ಸೆಷನ್ಸ್ ದ್ರೋಹಿಯೂ ಅಲ್ಲ, ಹುತಾತ್ಮರೂ ಅಲ್ಲ

2016ರ ಅಧ್ಯಕ್ಷೀಯ ಚುನಾವಣೆಯ ಪ್ರಚಾರಕ್ಕೆ ಸಂಬಂಧಿಸಿದ ಯಾವುದೇ ತನಿಖೆಯಲ್ಲಿ ತಾನು ಭಾಗವಹಿಸುವುದಿಲ್ಲ ಎಂದು ಅಮೆರಿಕದ ಅಟಾರ್ನಿ ಜನರಲ್ ಜೆಫ್ ಸೆಷನ್ಸ್ ಪ್ರಕಟಿಸಿದ್ದು 2017ರ ಮಾರ್ಚ್ 2ರಂದು. ಅಂದಿನಿಂದ ಅಧ್ಯಕ್ಷ ಡೊನಾಲ್ಡ್ ಟ್ರಂಪ್‌ರ ದೃಷ್ಟಿಯಲ್ಲಿ ಅವರು ದ್ರೋಹಿಯಾದರು. ಹೀಗೆ ಹಿಂದೆ ಸರಿಯುತ್ತಾರೆಂದು ಗೊತ್ತಿದ್ದರೆ ಆ ಹುದ್ದೆಯನ್ನೇ ಕೊಡುತ್ತಿರಲಿಲ್ಲವೆಂದು ಅಧ್ಯಕ್ಷರು ಅದೇ ಜುಲೈಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಹೇಳಿದರು. 2018ರ ನವೆಂಬರ್ 7ರಂದು, ಮಧ್ಯಂತರ ಚುನಾವಣೆಯ ಮರುದಿನವೇ, ರಾಜೀನಾಮೆ ಬರೆಸಿಕೊಂಡರು.

ಇಲ್ಲೊಂದು ವ್ಯತ್ಯಾಸವನ್ನು ಗಮನಿಸಬೇಕು. ನಮ್ಮ ಅಟಾರ್ನಿ ಜನರಲ್ ಸರಕಾರದ ಪರ ವಾದಿಸುವ ವಕೀಲರು. ಅವರ ಕೈಯಲ್ಲಿ ಪೊಲೀಸರಿಲ್ಲ. ಅಮೆರಿಕದಲ್ಲಿ ಅದೇ ಹೆಸರಿನ ವ್ಯಕ್ತಿ ನ್ಯಾಯ ಇಲಾಖೆಯ ಮುಖ್ಯಸ್ಥರು. ಎಫ್‌ಬಿಐ ಕೂಡಾ ಅದೇ ಇಲಾಖೆಯ ಅಧೀನದಲ್ಲಿದೆ. ಯಾರ ಮೇಲೆ ಮೊಕದ್ದಮೆ ಹೂಡಬೇಕು, ಯಾರನ್ನು ಬಿಡಬೇಕು ಎಂಬ ಅಧಿಕಾರವುಳ್ಳ ಕುರ್ಚಿಯದು. ಅಂತಹ ಕುರ್ಚಿಯಲ್ಲಿರುವವರು ತನಗೆ ರಕ್ಷಣೆ ನೀಡಬೇಕೆಂದು ಅಧ್ಯಕ್ಷರು ಬಯಸಿದರು. ಎರಿಕ್ ಹೋಲ್ಡರ್ ಒಬಾಮರನ್ನು ರಕ್ಷಿಸಿದರಲ್ಲವೇ ಎಂಬ ಧಾಟಿಯಲ್ಲಿ ಬಹಿರಂಗವಾಗಿಯೇ ಮಾತನಾಡಿದರು. ಅಧ್ಯಕ್ಷರಿಗೆ ಬೇಕಾಗಿದ್ದುದು ಸ್ವಂತ ವಕೀಲ. ಅದಕ್ಕೆ ಸಂಬಳ ಕೊಡಬೇಕಾಗಿದ್ದುದು ಮಾತ್ರ ದೇಶದ ಬೊಕ್ಕಸ!

ಸೆಷನ್ಸ್‌ಗೆ ಬೇರೆ ದಾರಿಯಾದರೂ ಎಲ್ಲಿತ್ತು? ಟ್ರಂಪ್‌ರನ್ನು ಬೆಂಬಲಿಸಿದ ಪ್ರಥಮ ಸೆನೆಟರ್ ಅವರು. ಪ್ರಚಾರ ತಂಡದಲ್ಲಿಯೂ ಇದ್ದವರು. ತನಿಖೆಗೊಳಗಾದವರೊಂದಿಗೆ ರಾಜಕೀಯ ನಂಟುಳ್ಳ ಅಧಿಕಾರಿ ಆ ತನಿಖೆಯನ್ನು ನಡೆಸಬಾರದೆಂದು ಇಲಾಖೆಯ ನಿಯಮವೇ ಹೇಳುತ್ತದೆ. ಹಾಗೆಂದು ಇದನ್ನು ಮಹಾತ್ಯಾಗವೆಂದು ಬಣ್ಣಿಸುವವರೂ ಸ್ವಲ್ಪ ತಾಳಬೇಕು. ತನಗೆ ರಷ್ಯನ್ನರೊಂದಿಗೆ ಸಂಪರ್ಕವಿರಲಿಲ್ಲ ಎಂದು ಜನವರಿಯಲ್ಲಿ ಸೆನೆಟ್ ಮುಂದೆ ಹೇಳಿದ್ದ ಅವರು, 2016ರಲ್ಲಿ ರಷ್ಯದ ರಾಯಭಾರಿಯನ್ನು ಎರಡು ಬಾರಿ ಭೇಟಿಯಾಗಿದ್ದ ಸುದ್ದಿ ಹೊರಬಿದ್ದ ಮರುದಿನವೇ ಹಿಂದೆ ಸರಿದದ್ದು.

ಅಧ್ಯಕ್ಷರು ಒಂದು ವಿಷಯವನ್ನು ಕೊನೆಯವರೆಗೂ ಅರ್ಥ ಮಾಡಿಕೊಳ್ಳಲಿಲ್ಲ. ಸೆಷನ್ಸ್‌ರ ಈ 'ದ್ರೋಹ'ದಿಂದ ಅತ್ಯಧಿಕ ಲಾಭ ಪಡೆದವರು ಅವರೇ. ರಷ್ಯದೊಂದಿಗೆ ಪ್ರಚಾರ ತಂಡ ಸಂಚು ನಡೆಸಿದ್ದು ಸಾಬೀತಾಗಿಲ್ಲವೆಂದು 2019ರಲ್ಲಿ ರಾಬರ್ಟ್ ಮುಲ್ಲರ್ ವರದಿ ಹೇಳಿದಾಗ ಅದಕ್ಕೊಂದು ತೂಕವಿತ್ತು. ಅದೇ ಮಾತನ್ನು ಸೆಷನ್ಸ್ ತನ್ನದೇ ಉಸ್ತುವಾರಿಯಲ್ಲಿ ಹೇಳಿಸಿದ್ದರೆ ಯಾರು ನಂಬುತ್ತಿದ್ದರು? ಆರೋಪಿಯ ಗೆಳೆಯನೇ ಬರೆದುಕೊಟ್ಟ ನಿರ್ದೋಷಿ ಪತ್ರಕ್ಕೆ ಬೆಲೆಯೆಷ್ಟು?

ಆದರೆ ಸೆಷನ್ಸ್‌ರನ್ನು ಕಾನೂನಿನ ಕಾವಲುಗಾರನೆಂದು ಮೆರೆಸಿದ ಉದಾರವಾದಿಗಳೊಂದಿಗೂ ನಮಗೆ ತಕರಾರಿದೆ. ಏಳು ಮುಸ್ಲಿಮ್ ಬಹುಸಂಖ್ಯಾತ ದೇಶಗಳವರಿಗೆ ಬಾಗಿಲು ಮುಚ್ಚಿದ ಆದೇಶವನ್ನು ಸಮರ್ಥಿಸಲಾರೆ ಎಂದ ಹಂಗಾಮಿ ಅಟಾರ್ನಿ ಜನರಲ್ ಸ್ಯಾಲಿ ಯೇಟ್ಸ್‌ರನ್ನು 2017ರ ಜನವರಿ 30ರಂದು ವಜಾ ಮಾಡಲಾಯಿತು. ತೆರವಾದ ಆ ಕುರ್ಚಿಗೆ ಹತ್ತೇ ದಿನಗಳಲ್ಲಿ ಬಂದು ಕುಳಿತವರು ಸೆಷನ್ಸ್. ಆ ಆದೇಶದ ಪರಿಷ್ಕೃತ ರೂಪಗಳನ್ನು ಅವರ ಇಲಾಖೆ ಸುಪ್ರೀಮ್ ಕೋರ್ಟಿನವರೆಗೂ ಸಮರ್ಥಿಸಿತು. 2018ರ ಜೂನ್‌ನಲ್ಲಿ 5-4ರ ಬಹುಮತದಿಂದ ಗೆದ್ದಿತು ಕೂಡಾ. ಅದೇ ವರ್ಷ ಮೆಕ್ಸಿಕೊ ಗಡಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸಿದ ನೀತಿಯ ಹಿಂದೆಯೂ ಅವರಿದ್ದರು. ಅದರ ಸಮರ್ಥನೆಗೆ ಸಂತ ಪೌಲರು ರೋಮ್‌ನವರಿಗೆ ಬರೆದ ಪತ್ರವನ್ನು ಆಧಾರವಾಗಿ ತೋರಿಸಿದರು. ಅಳುವ ಮಕ್ಕಳ ಮುಂದೆ ಧರ್ಮಗ್ರಂಥವನ್ನು ಅಡ್ಡ ಹಿಡಿಯುವವರು ಎಲ್ಲ ಸಮುದಾಯಗಳಲ್ಲೂ ಇದ್ದಾರೆ, ನಮ್ಮಲ್ಲೂ ಇಲ್ಲದಿಲ್ಲ.

ಯೇಟ್ಸ್ ಇಲ್ಲವೆಂದದ್ದು ಅಪರಿಚಿತರಿಗೆ ಆಗುವ ಅನ್ಯಾಯದ ವಿರುದ್ಧ. ಸೆಷನ್ಸ್ ಇಲ್ಲವೆಂದದ್ದು ತನ್ನ ಮೈಮೇಲೇ ಬರಲಿದ್ದ ಕಳಂಕಕ್ಕೆ. ಎರಡೂ ಕಾನೂನಿನ ಹೆಸರಿನಲ್ಲೇ ನಡೆದವು, ನಿಜ. ಆದರೆ ಇವೆರಡನ್ನೂ ಒಂದೇ ತಕ್ಕಡಿಯಲ್ಲಿಡಲು ನಮ್ಮಿಂದಾಗದು.

2020ರಲ್ಲಿ ಸೆಷನ್ಸ್ ತನ್ನ ಹಳೆಯ ಸೆನೆಟ್ ಸ್ಥಾನಕ್ಕಾಗಿ ಅಲಬಾಮದಲ್ಲಿ ಮತ್ತೆ ಕಣಕ್ಕಿಳಿದರು. ಅಧ್ಯಕ್ಷರ ವಿರುದ್ಧ ತಾನು ಒಂದೇ ಒಂದು ಕಟು ಮಾತನ್ನೂ ಆಡಿಲ್ಲವೆಂಬುದೇ ಅವರ ಮೊದಲ ಜಾಹೀರಾತಿನ ಬಂಡವಾಳವಾಗಿತ್ತು. ಅಧ್ಯಕ್ಷರು ಬೆಂಬಲಿಸಿದ್ದು ಎದುರಾಳಿ, ಫುಟ್ಬಾಲ್ ತರಬೇತುದಾರರಾಗಿದ್ದ ಟಾಮಿ ಟ್ಯೂಬರ್‌ವಿಲ್‌ರನ್ನು. ಜುಲೈ 14ರಂದು ಪಕ್ಷದೊಳಗಿನ ಮತದಾನದಲ್ಲೇ ಸೆಷನ್ಸ್ ಸೋತುಹೋದರು.