ಮುಟ್ಟು ನಿಂತವರಿಗೆ ಕ್ಯಾಲ್ಸಿಯಂ ಒಂದೇ ಮದ್ದೇ?



ನಮ್ಮ ಕೈಗಾ ಭಾಗದಲ್ಲಿ ಈಚೆಗೆ ನಡೆದ ಮಹಿಳಾ ಆರೋಗ್ಯ ಶಿಬಿರಕ್ಕೆ ‘ಉತ್ತಮ ಸ್ಪಂದನೆ’ ಸಿಕ್ಕಿತೆಂದು ನಿಮ್ಮ ಪತ್ರಿಕೆಯಲ್ಲಿ ಫೋಟೊ ಸಮೇತ ಪ್ರಕಟಿಸಿದ್ದೀರಿ. ಆ ಸಾಲಿನಲ್ಲಿ ನಾನೂ ನಿಂತಿದ್ದೆ. ರಾತ್ರಿ ಮೈಯೆಲ್ಲ ಧಗ್ಗೆಂದು ಬಿಸಿಯೇರಿ, ರವಿಕೆ ಒದ್ದೆಯಾಗುವಷ್ಟು ಬೆವತು ಎಚ್ಚರವಾಗುತ್ತದೆ ಎಂದು ಹೇಳಿಕೊಂಡರೆ, ವೈದ್ಯರು ತಲೆ ಎತ್ತದೆ ‘ಈ ವಯಸ್ಸಿಗೆ ಇದೆಲ್ಲ ಇದ್ದದ್ದೇ’ ಎಂದು ಕ್ಯಾಲ್ಸಿಯಂ ಬರೆದರು. ಹಾರ್ಮೋನ್ ಚಿಕಿತ್ಸೆ ಆಗುವುದಿಲ್ಲವೇ ಎಂದೆ. ‘ಕ್ಯಾನ್ಸರ್ ಬೇಕಾ?’ ಎಂದರು. ಹಿಂದಿದ್ದ ಹೆಂಗಸರು ಬಾಯಿಯನ್ನೇ ತೆರೆಯಲಿಲ್ಲ. ಇದು ಸ್ಪಂದನೆಯೇ?

ಹಾರ್ಮೋನ್ ಚಿಕಿತ್ಸೆಯ ಬಗೆಗಿನ ಈ ಭಯ ಹಬ್ಬಿದ್ದು 2002ರಲ್ಲಿ ಅರ್ಧಕ್ಕೇ ನಿಲ್ಲಿಸಿದ ಅಮೆರಿಕದ ಅಧ್ಯಯನದಿಂದ. ಆದರೆ ಅದರಲ್ಲಿದ್ದ ಮಹಿಳೆಯರ ಸರಾಸರಿ ವಯಸ್ಸು 63. ಅರವತ್ತರೊಳಗಿನ, ಮುಟ್ಟು ನಿಂತು ಹತ್ತು ವರ್ಷ ದಾಟದ ಆರೋಗ್ಯವಂತರಲ್ಲಿ ಹೆಚ್ಚಿನವರಿಗೆ ಇಂಥ ತೊಂದರೆಗೆ ಈ ಚಿಕಿತ್ಸೆಯಿಂದ ಅಪಾಯಕ್ಕಿಂತ ಪ್ರಯೋಜನವೇ ಹೆಚ್ಚೆಂದು ತಜ್ಞರ ಸಂಘಟನೆಗಳು ಹೇಳುತ್ತ ಬಂದು ವರ್ಷಗಳೇ ಆದವು. ಗರ್ಭಕೋಶ ಇದ್ದವರಿಗೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟರಾನ್ ಕೊಡಬೇಕು. ತೆಗೆಸಿಕೊಂಡವರಿಗೆ ಸಾಮಾನ್ಯವಾಗಿ ಈಸ್ಟ್ರೋಜನ್ ಒಂದೇ ಸಾಕು. ಚರ್ಮಕ್ಕೆ ಹಚ್ಚುವ ಈಸ್ಟ್ರೋಜನ್ ಜೆಲ್‌ನಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಕಡಿಮೆ. ಸ್ತನ ಕ್ಯಾನ್ಸರ್ ಆದವರಿಗೆ ಹಾರ್ಮೋನ್ ಚಿಕಿತ್ಸೆ ಸಲ್ಲದು, ನಿಜ. ಅದನ್ನು ಕೇಳಿ, ಪರೀಕ್ಷಿಸಿ ಹೇಳಬೇಕು. ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ನನ್ನ ಹಿಂದಿದ್ದ ಹೆಣ್ಣುಮಗಳು ಮೂವತ್ತೆಂಟಕ್ಕೇ ಗರ್ಭಕೋಶದ ಜೊತೆ ಎರಡೂ ಅಂಡಾಶಯ ಕಳೆದುಕೊಂಡವಳು. ಅವಳಿಗೂ ಅದೇ ಕ್ಯಾಲ್ಸಿಯಂ! ಇಂಥವರಿಗೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಹಾರ್ಮೋನ್ ಕೊಡದಿದ್ದರೆ ಮೂಳೆಗೂ ಹೃದಯಕ್ಕೂ ಕೇಡು. ಆಪರೇಶನ್ ಮಾಡುವಾಗಿನ ಆತುರ ಆಮೇಲೆ ಎಲ್ಲಿ ಹೋಗುತ್ತದೆ?

ಇನ್ನೂ ಒಂದು ಮಾತು ಹೇಳಲೇಬೇಕು. ಕಾಳಿ ಅಣೆಕಟ್ಟುಗಳಿಗೆ, ಅಣು ಸ್ಥಾವರಕ್ಕೆ, ಸೀಬರ್ಡ್ ನೌಕಾನೆಲೆಗೆ ಜಾಗ ಕೊಟ್ಟ ಜಿಲ್ಲೆ ನಮ್ಮದು. ಕೈಗಾ ಅಣು ಸ್ಥಾವರದ ಒಂದನೇ ಘಟಕ 962 ದಿನ ಎಡೆಬಿಡದೆ ನಡೆದು 2018ರಲ್ಲಿ ವಿಶ್ವದಾಖಲೆ ಮಾಡಿದಾಗ ನಾವೆಲ್ಲ ಹೆಮ್ಮೆಪಟ್ಟವರು. ಆದರೆ ದೊಡ್ಡ ಕಾಯಿಲೆ ಬಂದರೆ ಗೋವಾಕ್ಕೋ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡಬೇಕು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಇಡೀ ಜಿಲ್ಲೆ ಕೂಗಿತು. ಆ ಕೂಗಿನಲ್ಲೂ ನಡುವಯಸ್ಸಿನ ಹೆಂಗಸರ ಸಂಕಟ ಯಾರಿಗೂ ನೆನಪಾಗಲಿಲ್ಲ.

ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ವಾರಕ್ಕೊಂದು ದಿನ ಋತುಬಂಧದ ಒಪಿಡಿ ನಡೆಯಲಿ. ಮುಂದಿನ ಶಿಬಿರಕ್ಕೆ ಸ್ತ್ರೀರೋಗ ತಜ್ಞರು ಬರಲಿ. ಫೋಟೊ ಹಾಕುವ ಮೊದಲು ನೀವೂ ಸಾಲಿನಲ್ಲಿ ನಿಂತವರನ್ನು ಒಂದು ಮಾತು ಕೇಳಿ.

– ಗೃಹಿಣಿ, ಮಲ್ಲಾಪುರ, ಕಾರವಾರ ತಾಲ್ಲೂಕು